ಅಗ್ಗದ ಉಳಿಗೆ ಹರಿತ ಬರಿಸುವುದು ಹೇಗೆ?

ನಮ್ಮ ಬೀದಿಯ ಹುಡುಗ ದಸರಾ ವಸ್ತುಪ್ರದರ್ಶನಕ್ಕೆ ಹೋದವನು ನಾಲ್ಕು ಉಳಿಗಳ ಸೆಟ್ ತಂದಿದ್ದ. ಮರಕ್ಕೆ ಇಟ್ಟರೆ ಕತ್ತರಿಸಲಿಲ್ಲ, ಜಜ್ಜಿತು. ಪಕ್ಕದ ವರ್ಕ್‌ಶಾಪಿನ ಗ್ರೈಂಡರಿಗೆ ಹಿಡಿದ. ಕಿಡಿ ಹಾರಿತು, ತುದಿ ನೀಲಿಯಾಯಿತು. ‘ಕಮ್ಮಿ ರೇಟಿನ ಉಳಿ ಇಷ್ಟೇ ಬಿಡಿ ಅಂಕಲ್’ ಅಂದ. ಇದೇ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಅಗ್ಗದ ಉಳಿ ಅಂಗಡಿಯಿಂದ ಹರಿತವಾಗಿ ಬರುವುದೇ ಇಲ್ಲ. ಹರಿತ ನಾವು ಬರಿಸಿಕೊಳ್ಳಬೇಕು. ಒಂದು ಭಾನುವಾರ ಬೆಳಗ್ಗೆ ಸಾಕು.

ಹಂತ 1: ಆರಿಸುವುದು. ಅರ್ಧ ಇಂಚಿನದು ಒಂದು, ಮುಕ್ಕಾಲು ಇಂಚಿನದು ಒಂದು ತಗೊಳ್ಳಿ. ಹನ್ನೆರಡು ಉಳಿಗಳ ಕೆತ್ತನೆ ಸೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅದರಲ್ಲಿ ಹತ್ತು ಉಳಿ ಡಬ್ಬಿಯಿಂದ ಹೊರಗೇ ಬರುವುದಿಲ್ಲ. ಮನೆಯಲ್ಲಿ ಹಲ್ಲು ಸವೆಯದ ಅರ (ಫೈಲ್) ಇದ್ದರೆ ಜೊತೆಗೆ ಒಯ್ಯಿರಿ. ಅಂಗಡಿಯವರನ್ನು ಕೇಳಿ, ಉಳಿಯ ತುದಿಯ ಹತ್ತಿರ ಮೆಲ್ಲಗೆ ಒಂದೆಳೆ ಎಳೆಯಿರಿ. ಅರ ಜಾರಿದರೆ ಉಕ್ಕಿಗೆ ಹದ ಬಂದಿದೆ ಎಂದರ್ಥ. ಕಚ್ಚಿಕೊಂಡರೆ ಅದು ಮೆದು, ಏನು ಮಾಡಿದರೂ ಹರಿತ ನಿಲ್ಲುವುದಿಲ್ಲ. ವಾಪಸ್ ಇಟ್ಟುಬಿಡಿ.

ಹಂತ 2: ಸಾಮಾನು. ಗಾಜಿನಂಗಡಿಯಲ್ಲಿ 8 ಮಿ.ಮೀ. ದಪ್ಪದ ತುಂಡು ಕೇಳಿ, ಅಂಚು ಉಜ್ಜಿಸಿಕೊಳ್ಳಿ. ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕ, ಪಾಲಿಶ್ ಆದ ಗ್ರಾನೈಟ್ ತುಂಡಾದರೂ ನಡೆಯುತ್ತದೆ. 220, 400, 800, 1500 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಿದಷ್ಟು ನಯ) ತನ್ನಿ. ಎರಡು ಬಣ್ಣದ ಅಗ್ಗದ ಸಾಣೆಕಲ್ಲು ಮಾತ್ರ ಬೇಡ. ನಡುವೆ ಬೇಗ ಹಳ್ಳ ಬೀಳುತ್ತದೆ, ಹಳ್ಳ ಬಿದ್ದ ಕಲ್ಲು ಉಳಿಯನ್ನೂ ಡೊಂಕು ಮಾಡುತ್ತದೆ.

ಹಂತ 3: ಬೆನ್ನು ಮಸೆಯುವುದು. ಎಲ್ಲರೂ ಕೆಡಿಸುವುದು ಇಲ್ಲೇ.

ಉಳಿಗೆ ಒಂದು ಕಡೆ ಓರೆ ಇರುತ್ತದೆ, ಇನ್ನೊಂದು ಕಡೆ ಚಪ್ಪಟೆ. ಆ ಚಪ್ಪಟೆ ಕಡೆಯೇ ಬೆನ್ನು. ಹರಿತ ಅನ್ನುವುದು ಈ ಎರಡು ಮುಖ ಸೇರುವ ಗೆರೆ ತಾನೆ? ಜನ ಓರೆಯನ್ನು ಗಂಟೆಗಟ್ಟಲೆ ತಿಕ್ಕುತ್ತಾರೆ, ಬೆನ್ನು ಮುಟ್ಟುವುದೇ ಇಲ್ಲ. ಬೆನ್ನಿನ ಮೇಲೆ ಕಾರ್ಖಾನೆಯ ಗೀರುಗಳು ಹಾಗೇ ಇದ್ದರೆ, ಆ ಗೀರೆಲ್ಲ ಅಂಚಿಗೆ ಬಂದು ಸಣ್ಣ ಸಣ್ಣ ಹಲ್ಲಾಗಿ ನಿಲ್ಲುತ್ತವೆ.

ಮೊದಲು ಥಿನ್ನರ್ ಹಚ್ಚಿದ ಬಟ್ಟೆಯಿಂದ ಉಳಿಗೆ ಬಳಿದಿರುವ ವಾರ್ನಿಷ್ ಒರೆಸಿ. ಬೆನ್ನಿನ ತುದಿಯ ಒಂದು ಇಂಚಿಗೆ ಮಾರ್ಕರ್ ಬಳಿಯಿರಿ. ಗಾಜಿನ ಮೇಲೆ ನೀರು ಚಿಮುಕಿಸಿ 220ರ ಪೇಪರ್ ಅಂಟಿಸಿ. ಎಡಗೈಯ ಎರಡು ಬೆರಳು ತುದಿಯ ಹತ್ತಿರ ಒತ್ತಿರಲಿ. ಬಲಗೈ ಹಿಡಿಯನ್ನು ಸುಮ್ನೆ ಹಿಡಿದಿರಲಿ, ಎತ್ತಬಾರದು. ಒಂದು ಕೂದಲೆಳೆಯಷ್ಟು ಎತ್ತಿದರೂ ಅಂಚು ಉರುಟಾಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹತ್ತು ಸಲ ಉಜ್ಜಿ ತಿರುಗಿಸಿ ನೋಡಿ. ಮೂಲೆಗಳಲ್ಲಿ ಮಾರ್ಕರ್ ಹೋಗಿ, ನಡುವೆ ಹಾಗೇ ಇರುತ್ತದೆ. ಹೆದರಬೇಡಿ, ನಡುವಿನ ತಗ್ಗು ಪೂರ್ತಿ ಹೋಗಬೇಕಿಲ್ಲ. ಅಂಚಿಗೆ ತಾಗಿದ ಪಟ್ಟಿಯಲ್ಲಿ ಮಾತ್ರ ಈ ಮೂಲೆಯಿಂದ ಆ ಮೂಲೆಯವರೆಗೆ ಮಸಿ ಒಂದು ಚುಕ್ಕೆಯೂ ಉಳಿಯಬಾರದು. ನನ್ನ ಅರ್ಧ ಇಂಚಿನ ಉಳಿಗೆ ಇದೊಂದಕ್ಕೇ 40 ನಿಮಿಷ ಹಿಡಿಯಿತು.

ಆಮೇಲೆ 400, 800, 1500. ಪ್ರತಿ ಸಲ ಉಜ್ಜುವ ದಿಕ್ಕು ಸ್ವಲ್ಪ ಬದಲಿಸಿ. ಹಿಂದಿನ ಗೀರು ಅಡ್ಡಡ್ಡ ಕಾಣುತ್ತದೆ, ಅದು ಹೋಗುವ ತನಕ ಮುಂದಿನ ಪೇಪರಿಗೆ ಹೋಗಬೇಡಿ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆಮರದ ಇನ್‌ಲೇ (ಮರದಲ್ಲಿ ಚಿತ್ತಾರ ಕೂರಿಸುವ) ಕೆಲಸ ಮಾಡುವ ಹಿರಿಯರೊಬ್ಬರು ಒಮ್ಮೆ ತಮ್ಮ ಉಳಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಮಸೆದು ಮಸೆದು ಬೆರಳುದ್ದಕ್ಕೆ ಇಳಿದಿತ್ತು. ಅದರ ಬೆನ್ನಿನಲ್ಲಿ ಕಿಟಕಿಯ ಸರಳು ಎಣಿಸಬಹುದಿತ್ತು. ನಿಮ್ಮದೂ ಅಷ್ಟು ಹೊಳೆಯಬೇಕು. ಈ ಕೆಲಸ ಒಂದು ಉಳಿಗೆ ಒಂದೇ ಸಲ.

ಹಂತ 4: ಓರೆ. ಅಗ್ಗದ ಉಕ್ಕಿಗೆ 30 ಡಿಗ್ರಿ ಇಡಿ. 25 ಡಿಗ್ರಿಯ ತೆಳು ಅಂಚು ಬೇಗ ಮುರಿಯುತ್ತದೆ. ಕೋನಮಾಪಕ ಬೇಕಿಲ್ಲ: ಓರೆಯ ಉದ್ದ ಉಳಿಯ ದಪ್ಪಕ್ಕೆ ಎರಡರಷ್ಟಿದ್ದರೆ ಅದೇ 30 ಡಿಗ್ರಿ. ಕೈ ನಡುಗುವವರು ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ, ಚಕ್ರವಿರುವ ಹೋನಿಂಗ್ ಗೈಡ್ ತಗೊಳ್ಳಿ, ಇದರಲ್ಲಿ ಅಗ್ಗದ್ದೇ ಸಾಕು. ಎರಡೂ ಪಕ್ಕ ಅಮುಕಿ ಹಿಡಿಯುವ ಮಾಮೂಲಿ ಗೈಡಿನಲ್ಲಿ ಉಳಿ 30 ಮಿ.ಮೀ. ಮುಂದೆ ಚಾಚಿದರೆ ಹೆಚ್ಚುಕಮ್ಮಿ 30 ಡಿಗ್ರಿ ಸಿಗುತ್ತದೆ. 400ರಲ್ಲಿ ಉಜ್ಜುತ್ತಾ ಹೋದಂತೆ ಬೆನ್ನಿನ ಕಡೆ ಕಣ್ಣಿಗೆ ಕಾಣದ ತಂತಿಯಂಥ ಎಳೆ ಮಡಚಿಕೊಳ್ಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಹೊರಕ್ಕೆ ಜಾರಿಸಿ, ಗೊತ್ತಾಗುತ್ತದೆ. ಉದ್ದಕ್ಕೂ ಬೆರಳು ಓಡಿಸಬೇಡಿ, ಕುಯ್ದುಕೊಳ್ಳುತ್ತೀರಿ. ಇಡೀ ಅಗಲಕ್ಕೆ ಎಳೆ ಬಂದ ಮೇಲೆ 800, 1500. ಕೊನೆಗೆ ಬೆನ್ನನ್ನು ಚಪ್ಪಟೆಯಾಗಿಟ್ಟು 1500ರ ಮೇಲೆ ಎರಡೇ ಸಲ ಎಳೆಯಿರಿ, ಎಳೆ ಉದುರುತ್ತದೆ. ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಹತ್ತು ಸಲ ಹಿಂದಕ್ಕೆಳೆದರೆ ಇನ್ನೂ ಚೆನ್ನ.

ಮುಂಗೈ ಕೂದಲು ಬೋಳಿಸಿ ಪರೀಕ್ಷೆ ಮಾಡಬೇಡಿ. ಪ್ಯಾಕಿಂಗ್ ಪೈನ್ ಮರದ ತುಂಡನ್ನು ನಿಲ್ಲಿಸಿ, ಗರಗಸದಿಂದ ಕುಯ್ದ ತುದಿಯನ್ನು ಸವರಿ. ಪುಡಿಯಾಗದೆ ತೆಳುವಾದ ಹಾಳೆಯಂತೆ ಎದ್ದು ಬಂದರೆ ಕೆಲಸ ಆಯಿತು. ಎರಡೂ ಕೈ ಅಂಚಿನ ಹಿಂದೆಯೇ ಇರಲಿ.

ನಿಮ್ಮ ಉಳಿಯೂ ಆ ಹುಡುಗನದರಂತೆ ಆಗಲೇ ನೀಲಿಯಾಗಿದೆಯೇ? ಬಿಸಾಡಬೇಡಿ. ನೀಲಿ ಅಂದರೆ ಆ ಜಾಗ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದು ಹದ ಕಳೆದುಕೊಂಡಿದೆ, ಅಷ್ಟೇ. ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಂಡು, ಎರಡು ಸೆಕೆಂಡಿಗೊಮ್ಮೆ ಅದ್ದುತ್ತಾ ನೀಲಿ ಭಾಗವನ್ನು ಗ್ರೈಂಡರಿನಲ್ಲೇ ಪೂರ್ತಿ ಸವೆಸಿ. ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದಿ. ಅವನ ಉಳಿ ಹೀಗೆ ಕಾಲು ಇಂಚು ಗಿಡ್ಡವಾಗಿದೆ, ಈಗ ತೇಗವನ್ನು ಸಲೀಸಾಗಿ ಕತ್ತರಿಸುತ್ತದೆ.