ಬ್ರಾಡ್‌ಕಾಸ್ಟ್ ಮೆಸೇಜ್ ದಾನಿಗಳಿಗೆ ತಲುಪದಿದ್ದರೆ

ಗುಳೇದಗುಡ್ಡದಲ್ಲಿ ನೇಕಾರರ ಮಕ್ಕಳಿಗಾಗಿ ನಮ್ಮದೊಂದು ಚಿಕ್ಕ ಓದುಮನೆ ಇದೆ. ಜೂನ್ ಬಂತೆಂದರೆ ನೋಟ್‌ಬುಕ್ ಖರ್ಚಿಗೆ ದಾನಿಗಳಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಕಳಿಸುತ್ತೇವೆ, ಅಂದರೆ ಒಂದೇ ಮೆಸೇಜ್ ಲಿಸ್ಟಿನಲ್ಲಿರುವ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವಂತೆ. ಅರ್ಧ ಜನಕ್ಕೆ ಅದು ಹೋಗುತ್ತಲೇ ಇರಲಿಲ್ಲ. ಅವರಿಗೇ ಬೇರೆಯಾಗಿ ಕಳಿಸಿದರೆ ತಕ್ಷಣ ಎರಡು ಟಿಕ್!

ಆ್ಯಪ್ ತೆಗೆದು ಮತ್ತೆ ಹಾಕಿದೆವು. ಲಿಸ್ಟ್ ಹೊಸದಾಗಿ ಮಾಡಿದೆವು. ಫೋಟೊ ಬಿಟ್ಟು ಬರೀ ಅಕ್ಷರ ಕಳಿಸಿದೆವು. ಉಪಯೋಗವಾಗಲಿಲ್ಲ. ಗ್ರೂಪ್ ಮಾಡಿದರೆ ಗುಡ್ ಮಾರ್ನಿಂಗ್ ಹೂವುಗಳ ಹಾವಳಿ, ಜನ ಒಬ್ಬೊಬ್ಬರೇ ಬಿಟ್ಟು ಹೋದರು.

ಕಾರಣ ಇಷ್ಟೇ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಹೋಗುತ್ತದೆ. ನೀವು ಅವರದನ್ನು ಸೇವ್ ಮಾಡಿದರೆ ಸಾಲದು.

ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ, ನಿಮ್ಮ ಚಾಟ್ ತೆರೆಯುವ ಕ್ಯೂಆರ್ ತೆಗೆದು ರಸೀದಿ ಪುಸ್ತಕದ ರಟ್ಟಿಗೆ ಅಂಟಿಸಿ. ರಸೀದಿ ಹರಿದು ಕೊಡುವಾಗಲೇ ಸ್ಕ್ಯಾನ್ ಮಾಡಿಸಿ, ‘ಕಾಕಾ, ಈ ನಂಬರ್ ಸೇವ್ ಮಾಡ್ಕೋರಿ’ ಎನ್ನಿ. ಮನೆಗೆ ಹೋಗಿ ಮಾಡ್ತೀನಿ ಅಂದವರು ಮಾಡಲ್ಲ. ಮೊದಲ ಸಲ ಮೆಸೇಜ್ ಮಾಡಿದವರಿಗೆ ತಾನಾಗಿಯೇ ಹೋಗುವ ಗ್ರೀಟಿಂಗ್ ಮೆಸೇಜ್ ಆನ್ ಮಾಡಿ, ಅದರಲ್ಲೂ ಇದೇ ಮಾತು ಬರೆಯಿರಿ. ಸೇವ್ ಆದ ಮೇಲಷ್ಟೇ ಲಿಸ್ಟಿಗೆ ಸೇರಿಸಿ. ಒಂದು ಲಿಸ್ಟಿಗೆ 256 ಜನ, ಜಾಸ್ತಿ ಇದ್ದರೆ ಇನ್ನೊಂದು ಮಾಡಿ.

ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿ. ತಲುಪಿದವರ ಪಟ್ಟಿಯಲ್ಲಿ ಇಲ್ಲದವರಿಗೆ ಮರುದಿನ ಫೋನ್ ಮಾಡಿ.