ಮಲೆನಾಡಿನ ಥಂಡಿಯಲ್ಲಿ .22 ರೈಫಲ್: ನನ್ನ ಅನುಭವ

ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಕೋವಿ ಅಂದರೆ ಹೆಚ್ಚಾಗಿ ಹನ್ನೆರಡು ಬೋರಿನದು, ಒಂಟಿ ನಳಿಗೆಯೋ ಜೋಡು ನಳಿಗೆಯೋ. ನಾನು ಅದನ್ನು ಬಿಟ್ಟು .22 ರೈಫಲ್ (0.22 ಇಂಚು ಅಗಲದ ಸಣ್ಣ ಗುಂಡಿನದು) ತೆಗೆದುಕೊಂಡದ್ದು ಗುರಿ ಅಭ್ಯಾಸದ ಆಸೆಗೆ. ತೋಟಾ ಉಳಿದವುಗಳಿಗಿಂತ ಅಗ್ಗ, ಭುಜಕ್ಕೆ ಒದೆತವೇ ಇಲ್ಲ ಅನ್ನಬಹುದು, ಸದ್ದೂ ಕಡಿಮೆ. ಹಂದಿಗೆ ಆಗುತ್ತದಾ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಆಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಒಂದು ಕಡೆ ಇರಲಿ, ಇಷ್ಟು ಸಣ್ಣ ಗುಂಡು ಹಂದಿಯನ್ನು ಗಾಯ ಮಾಡಿ ನರಳಿಸುತ್ತದೆ ಅಷ್ಟೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಅಲ್ಲಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಗಡಿ ದಾಟಿ ಈಚೆ ಬಂದರೆ ನಮಗೆ ಅದಿಲ್ಲ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಕೋವಿ ಬಳಕೆಯ ತರಬೇತಿ ಪತ್ರ, ಎಲ್ಲವೂ ಆಗಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಐದು ವರ್ಷಕ್ಕೆ ಸಿಗುತ್ತದೆ, ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಅಜ್ಜನ ಕಾಲದ ಕೋವಿ ಒಂದು ಹೆಸರಿನಲ್ಲಿ ಇರುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಹಳೆಯ ವಿದೇಶಿ .22ಗಳಿಗೆ ಹೇಳುವ ಬೆಲೆ ನನ್ನ ಕೈಗೆ ಎಟುಕುವಂಥದ್ದಾಗಿರಲಿಲ್ಲ. ದೇಶದಲ್ಲೇ ತಯಾರಾದ, ಬೋಲ್ಟ್ (ತೋಟಾದ ಹಿಂಬದಿ ಮುಚ್ಚುವ ಅಗುಳಿ) ಕೈಯಿಂದ ಎಳೆದು ತುಂಬುವ ರೈಫಲ್ ಕೊಂಡೆ.

ಅಮೆರಿಕದಲ್ಲಿರುವ ಭಾವಮೈದುನನ ಹತ್ತಿರ ರೂಗರ್ 10/22 ಎಂಬ .22 ರೈಫಲ್ ಇದೆ. ಅಲ್ಲಿಗೆ ಹೋಗಿದ್ದಾಗ ರೇಂಜಿನಲ್ಲಿ ಅದನ್ನು ಹೊಡೆದು ನೋಡಿದ್ದೇನೆ. 1964ರಿಂದ ಬರುತ್ತಿರುವ ಸೆಮಿ ಆಟೊಮ್ಯಾಟಿಕ್ ಅದು, ಜೊತೆಗೆ ಬರುವ ಮ್ಯಾಗಜಿನ್ನಿಗೆ (ತೋಟಾ ತುಂಬುವ ಡಬ್ಬಿಗೆ) ಹತ್ತು ತೋಟಾ. ಟ್ರಿಗರ್ ಒತ್ತಿದಾಗಲೆಲ್ಲ ಒಂದು ಈಡು, ಖಾಲಿ ತೋಟಾವನ್ನು ತಾನೇ ಆಚೆ ಎಸೆದು ಮುಂದಿನದನ್ನು ತುಂಬಿಕೊಳ್ಳುತ್ತದೆ. ಅಷ್ಟೆಲ್ಲ ಕೆಲಸಕ್ಕೆ ಬಲ ಬರುವುದು ಆ ಪುಟ್ಟ ತೋಟಾದ ಹಿನ್ನೂಕಿನಿಂದಲೇ. ಮದ್ದು ಸ್ವಲ್ಪ ಮೆತ್ತಗಿದ್ದರೆ, ಒಳಗೆ ಮಸಿ, ಗುಂಡಿಗೆ ಸವರಿದ ಮೇಣ ಕಟ್ಟಿದ್ದರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಆಚೆ ಬೀಳುವ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸೆಮಿ ಆಟೊಮ್ಯಾಟಿಕ್ .22 ಇರುವವರು ಸೇರಿದರೆ ಅರ್ಧ ಮಾತು ಯಾವ ತೋಟಾ ಸಲೀಸಾಗಿ ಓಡುತ್ತದೆ ಎನ್ನುವುದರ ಬಗ್ಗೆಯೇ. ನನ್ನದರಲ್ಲಿ ಆ ಕೆಲಸ ಕೈಯದು. ಹಾಗಾಗಿ ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ ಓಡುವ, ಮೆತ್ತನೆಯ ತೋಟಾವನ್ನೂ ಧೈರ್ಯವಾಗಿ ಹಾಕಬಹುದು. ಕಾಗದದ ಮೇಲೆ ತೂತುಗಳು ಹತ್ತಿರ ಹತ್ತಿರ ಬೀಳುವುದು ಅದರಲ್ಲೇ. ಬೇರೆ ಬೇರೆ ಕಂಪನಿಯ ಒಂದೊಂದು ಡಬ್ಬಿ ತಂದು, ಐವತ್ತು ಮೀಟರಿಗೆ ರೈಫಲನ್ನು ಮರಳುಚೀಲದ ಮೇಲೆ ಇಟ್ಟು ಹೊಡೆದು, ಯಾವುದು ಚೆನ್ನಾಗಿ ಕೂರುತ್ತದೋ ಅದನ್ನೇ ಮುಂದುವರಿಸಿದೆ. ದುಬಾರಿಯದೇ ಗೆಲ್ಲಬೇಕೆಂದಿಲ್ಲ. ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತದೆ.

.22ರಲ್ಲಿ ಠುಸ್ ಆಗುವ ತೋಟಾ ತುಸು ಹೆಚ್ಚು. ಸಿಡಿಮದ್ದು ಇರುವುದು ತಳದ ನಡುವೆ ಅಲ್ಲ, ಅಂಚಿನ ಮಡಿಕೆಯೊಳಗೆ. ಆ ಸುತ್ತಿನಲ್ಲಿ ಎಲ್ಲಾದರೂ ಒಂದು ಕಡೆ ಮದ್ದು ತೆಳ್ಳಗಿದ್ದು, ಪಿನ್ನು ಅಲ್ಲೇ ಬಡಿದರೆ ಹೊತ್ತಿಕೊಳ್ಳುವುದಿಲ್ಲ. ಆಗ ತಕ್ಷಣ ಬೋಲ್ಟ್ ಎಳೆಯಬಾರದು. ನಳಿಗೆಯ ಬಾಯಿ ಗುರಿಯ ಕಡೆಗೇ ಇಟ್ಟು ನಿಧಾನವಾಗಿ ಮೂವತ್ತು ಎಣಿಸಿ, ಆಮೇಲೆ ತೆಗೆಯಬೇಕು. ತೆಗೆದದ್ದನ್ನು ರೇಂಜಿನ ಡಬ್ಬಿಗೆ ಹಾಕುತ್ತೇನೆ, ಜೇಬಿಗೆ ಅಲ್ಲ.

ನಮ್ಮೂರಿನಲ್ಲಿ ರೈಫಲ್ ಸಾಕುವುದು ಅಂದರೆ ಥಂಡಿಯ ಜೊತೆ ಏಗುವುದು. ಆರಿದ್ರ ಹಿಡಿದರೆ ಆಶ್ಲೇಷದವರೆಗೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ, ಕಬ್ಬಿಣವನ್ನು ಕೇಳುವುದೇ ಬೇಡ. ಬೇಸಿಗೆಯಲ್ಲಿ ಕೂರಿಸಿದ ಗುರಿ ಮಳೆಗಾಲದಲ್ಲಿ ಒಂದೇ ಪಕ್ಕಕ್ಕೆ ಸರಿಯುತ್ತಿತ್ತು. ಹಿಡಿಯ ಮರ ನೀರು ಕುಡಿದು ಊದಿಕೊಂಡು ನಳಿಗೆಯನ್ನು ಒಂದು ಬದಿಯಿಂದ ಒತ್ತುವುದೇ ಕಾರಣ. ಹತ್ತು ರೂಪಾಯಿ ನೋಟನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆದು ನೋಡಿದರೆ ಗೊತ್ತಾಗುತ್ತದೆ. ನನ್ನದರಲ್ಲಿ ತುದಿಯಿಂದ ನಾಲ್ಕು ಬೆರಳು ಹೋಗಿ ನೋಟು ನಿಂತಿತು. ಮರವನ್ನು ಬಿಚ್ಚಿ, ಕಡ್ಡಿಗೆ ಉಜ್ಜುಕಾಗದ ಸುತ್ತಿ, ನೋಟು ತಡೆಯಿಲ್ಲದೆ ಓಡುವವರೆಗೆ ನಳಿಗೆ ಕೂರುವ ಹಳ್ಳವನ್ನು ಉಜ್ಜಿದೆ. ಆಮೇಲೆ ಒಳಗೂ ಹೊರಗೂ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹೊರಗಡೆ ಎಲ್ಲರೂ ಹಚ್ಚುತ್ತಾರೆ, ಉಜ್ಜಿದ ಹಸಿ ಮರದ ಒಳಭಾಗವನ್ನು ಬಿಟ್ಟುಬಿಡುತ್ತಾರೆ. ನೀರು ನುಗ್ಗುವುದು ಅಲ್ಲಿಂದಲೇ. ಇದಾದ ಮೇಲೆ ಗುರಿಯ ಓಡಾಟ ನಿಂತಿತು. ದೊಡ್ಡ ದುಡ್ಡಿನ ದೂರದರ್ಶಕಕ್ಕಿಂತ ಈ ಕೆಲಸ ಮೊದಲು ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚರ್ಮದ ಚೀಲದಲ್ಲಿ ಇಟ್ಟರೆ ಚರ್ಮವೇ ತೇವ ಹೀರಿ ಕಬ್ಬಿಣಕ್ಕೆ ದಾಟಿಸುತ್ತದೆ, ಚೀಲ ಒಯ್ಯುವುದಕ್ಕೆ ಮಾತ್ರ. ಬೀಗದ ಬೀರುವಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ಬಿಸಿಲು ಬಿದ್ದ ದಿನ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೇವ ಹಾರಿಸಿ ಮತ್ತೆ ಇಡುತ್ತೇನೆ. ಮುಟ್ಟಿದ ಮೇಲೆ ಬೆವರು ಕೈಯ ಗುರುತು ಉಳಿಯದಂತೆ ಎಣ್ಣೆ ಬಟ್ಟೆಯಲ್ಲಿ ಒರೆಸಲೇಬೇಕು. ನಳಿಗೆಯ ಒಳಗನ್ನು ಮಾತ್ರ ಅತಿಯಾಗಿ ತಿಕ್ಕುವುದಿಲ್ಲ. ಸೀಸದ ಗುಂಡಿನ ಮೇಣ ಒಳಗೆ ತೆಳುವಾಗಿ ಕೂತ ಮೇಲೆಯೇ ಈಡು ಒಂದೇ ಸಮ ಬೀಳುತ್ತದೆ. ಒರೆಸುವಾಗ ಬೋಲ್ಟ್ ತೆಗೆದು ಹಿಂದಿನಿಂದ ಸರಳು ಹಾಕುತ್ತೇನೆ. ಮುಂದಿನಿಂದ ಹಾಕಿ ಬಾಯಿಯ ಅಂಚು ಸವೆದರೆ ರೈಫಲ್ ಕೆಟ್ಟಂತೆ.

ತೋಟದಲ್ಲಿ ಹೊಡೆಯುವುದಿಲ್ಲ. ರೇಂಜಿಗೇ ಹೋಗುತ್ತೇನೆ, ದೂರವಾದರೂ. ಸಣ್ಣ ಗುಂಡು ಎಂದು ಹಗುರ ಮಾಡುವವರಿಗೆ ಡಬ್ಬಿಯ ಮೇಲಿನ ಎಚ್ಚರಿಕೆ ಓದಿಸುತ್ತೇನೆ: ಒಂದೂವರೆ ಮೈಲಿವರೆಗೆ ಅಪಾಯ. ಅಂದರೆ ಎರಡು ಕಿಲೋಮೀಟರಿಗಿಂತ ಹೆಚ್ಚು. ಕಾಫಿ ಗಿಡದ ಮರೆಯಲ್ಲಿ ಹಣ್ಣು ಕುಯ್ಯುವವರು ಎಲ್ಲಿದ್ದಾರೆಂದು ಯಾರಿಗೆ ಕಾಣುತ್ತದೆ?

ಚುನಾವಣೆ ಬಂದಾಗ ಕೋವಿ ಠೇವಣಿ ಇಡಲು ಆದೇಶ ಬರುತ್ತದೆ, 2023ರಲ್ಲೂ 2024ರಲ್ಲೂ ಬಂತು. ಠಾಣೆಗೆ ಕೊಡುವ ಮುಂಚೆ ನಳಿಗೆಯ ಒಳಗೂ ಹೊರಗೂ ದಪ್ಪಗೆ ಎಣ್ಣೆ ಹಚ್ಚಿ, ಮ್ಯಾಗಜಿನ್ ಖಾಲಿ ಎಂದು ಎದುರಿಗೇ ತೋರಿಸಿ, ಕೋವಿಯ ನಂಬರು ಬರೆದ ರಸೀದಿ ತೆಗೆದುಕೊಳ್ಳುತ್ತೇನೆ. ಹಿಂದಕ್ಕೆ ತಂದ ಮೇಲೆ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಪೂರ್ತಿ ಎಳೆದು, ನೋಟು ತೂರಿಸಿ ನೋಡಿ, ಐವತ್ತು ಮೀಟರಿಗೆ ಗುರಿಯನ್ನು ಹೊಸದಾಗಿ ಕೂರಿಸುತ್ತೇನೆ.