ಐರ್ಲೆಂಡಿಗೆ ಹೊರಟ ಲಗ್ನಪತ್ರಿಕೆ

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್, ಇಷ್ಟೇ. ಗಿರಾಕಿಗಳು ಈಗ ಪೆನ್‌ಡ್ರೈವ್ ತರುವುದೇ ಕಡಿಮೆ, ಮ್ಯಾಟರ್ ಎಲ್ಲಾ ವಾಟ್ಸಾಪ್‌ನಲ್ಲೇ ಬರುತ್ತದೆ, ಹಾಗಾಗಿ ಬೆಳಿಗ್ಗೆ ಶಟರ್ ಎತ್ತಿ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ರಾತ್ರಿವರೆಗೂ ಮುಚ್ಚುವ ಮಾತಿಲ್ಲ.

ವಿಂಡೋಸ್ ಜೊತೆ ಬರುವ ಫೈರ್‌ವಾಲ್ ಹೊರಗಿನಿಂದ ಬರುವುದನ್ನು ತಡೆಯುತ್ತದೆ. ಒಳಗಿನಿಂದ ಹೋಗುವುದನ್ನು, ನಾವಾಗಿ ಹೇಳದಿದ್ದರೆ, ಕೇಳುವುದಿಲ್ಲ. ಹೋಗುವುದಕ್ಕೂ ಅನುಮತಿ ಕೇಳುವ ಇನ್ನೊಂದು ಫೈರ್‌ವಾಲ್ ಹಾಕಿದೆ ನೋಡಿ, ಅವತ್ತಿಂದ ಶುರು. "ಅಣ್ಣಾ, ಇನ್ನೊಂದು ಅಲರ್ಟ್ ಬಂತು" ಅಂತ ಅಂಗಡಿ ಹುಡುಗ ಕೂಗೋದೇ ಕೆಲಸ ಆಯಿತು. ಒಂದರಲ್ಲಿ ವಾಟ್ಸಾಪ್ ಹೆಸರು, ಅದು ಹೋಗಬೇಕೆಂದಿದ್ದ 31.13ರಿಂದ ಶುರುವಾಗುವ ಐಪಿ (ನೆಟ್‌ನಲ್ಲಿ ಆ ಕಡೆಯ ಕಂಪ್ಯೂಟರಿನ ವಿಳಾಸ), ಪೋರ್ಟ್ 443 (ಆ ವಿಳಾಸದ ಬಾಗಿಲು ನಂಬರ್ ಅನ್ನಿ), ಪಕ್ಕದಲ್ಲಿ ಐರ್ಲೆಂಡ್ ಬಾವುಟ. ಯಾರದೋ ಮದುವೆ ಪತ್ರಿಕೆ ಐರ್ಲೆಂಡಿಗೆ ಯಾಕೆ ಹೋಗಬೇಕು? ಬ್ಲಾಕ್ ಒತ್ತಿಬಿಟ್ಟೆ.

ಹತ್ತು ನಿಮಿಷಕ್ಕೆ ಗಿರಾಕಿ ಫೋನು. ಫೋಟೊ ಕಳಿಸಿದ್ದೀನಿ, ನೋಡಿಲ್ವಾ ಅಂತ. ಮೆಸೇಜ್ ಬರುತ್ತಿದೆ, ಫೋಟೊ ಮಾತ್ರ ಸುಮ್ನೆ ಸುತ್ತುತ್ತಾ ಕೂತಿದೆ. ಮೆಸೇಜಿಗೆ ಒಂದು ಸರ್ವರ್, ಫೋಟೊಗೆ ಇನ್ನೊಂದು. ನಾನು ಮುಚ್ಚಿದ್ದು ಎರಡನೆಯದನ್ನು.

ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿ ಯಾವ ಹೆಸರಿನದ್ದು ಅಂತ ಹೇಳುವ ಎನ್‌ಎಸ್‌ಲುಕಪ್ ಮುಂದೆ ಆ ಐಪಿ ಹಾಕಿದೆ. ಬಂದ ಹೆಸರಿನಲ್ಲಿ ವಾಟ್ಸಾಪ್ ಸಿಡಿಎನ್ (ಫೋಟೊ, ವಿಡಿಯೊ ಹತ್ತಿರದಿಂದ ಕೊಡುವ ಸರ್ವರ್) ಅಂತಿತ್ತು, ಕೊನೆಯಲ್ಲಿ ಫೇಸ್‌ಬುಕ್‌ನ ಡೊಮೇನ್ (ಎರಡೂ ಒಂದೇ ಕಂಪನಿಯವು), ನಡುವೆ 'ಬಿಓಎಂ' ಅನ್ನೋ ಮೂರಕ್ಷರ. ಅದು ಮುಂಬೈ ವಿಮಾನ ನಿಲ್ದಾಣದ ಕೋಡ್. ಅಂದರೆ ಸರ್ವರ್ ಇರುವುದು ಮುಂಬೈಯಲ್ಲಿ, ಐಪಿ ಮಾತ್ರ ಕಂಪನಿಯ ಐರ್ಲೆಂಡ್ ಶಾಖೆಯ ಹೆಸರಲ್ಲಿ ನೋಂದಣಿ ಆಗಿದೆ. ಬಾವುಟ ನೋಡಿ ಹೆದರುವುದನ್ನು ಅವತ್ತೇ ಬಿಟ್ಟೆ.

ಜಾಸ್ತಿ ತಲೆ ತಿಂದದ್ದು ಬೇರೆ. ಒಂದು ಸಂಜೆ ಅದೇ ವಾಟ್ಸಾಪ್‌ನಿಂದ ಯುಡಿಪಿ (ತಲುಪಿತಾ ಅಂತ ಕಾಯದೆ ಡೇಟಾ ಕಳಿಸುವ ವಿಧಾನ) ಟ್ರಾಫಿಕ್, ಐಪಿ ಹುಡುಕಿದರೆ ಯಾವ ದೊಡ್ಡ ಕಂಪನಿಯದ್ದೂ ಅಲ್ಲ, ಇಲ್ಲಿನದೇ ಒಂದು ಬ್ರಾಡ್‌ಬ್ಯಾಂಡ್‌ನದು, ಅಂದರೆ ಯಾರದೋ ಮನೆ ಕನೆಕ್ಷನ್. ಇದು ಹ್ಯಾಕೇ ಇರಬೇಕು ಅಂದುಕೊಂಡೆ. ಕನೆಕ್ಷನ್‌ಗಳ ಪಟ್ಟಿ ಕೊಡುವ ನೆಟ್‌ಸ್ಟಾಟ್ ಕಮಾಂಡ್ ನೋಡಿದರೆ ಉಪಯೋಗವಿಲ್ಲ, ಯುಡಿಪಿಗೆ ಅದು ಆ ಕಡೆಯ ವಿಳಾಸವನ್ನೇ ತೋರಿಸುವುದಿಲ್ಲ. ವಿಂಡೋಸ್‌ನದೇ ರಿಸೋರ್ಸ್ ಮಾನಿಟರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸಿಕ್ಕಿತು. ಅಲರ್ಟ್ ಬಂದ ಹೊತ್ತು 6.40. ಆಗ ನಾನೇನು ಮಾಡುತ್ತಿದ್ದೆ? ಶಿವಮೊಗ್ಗದ ಭಾವನ ಜೊತೆ ಮಾತಾಡುತ್ತಿದ್ದೆ, ಕಂಪ್ಯೂಟರಿನಿಂದಲೇ. ಮತ್ತೆ ಕರೆ ಮಾಡಿ, "ಭಾವ, ನಿಮ್ಮ ಐಪಿ ಎಷ್ಟು ಅಂತ ಗೂಗಲ್‌ನಲ್ಲಿ ಸ್ವಲ್ಪ ನೋಡಿ ಹೇಳ್ತೀರಾ" ಅಂದೆ. ಒಂದೊಂದೇ ಅಂಕಿ ಓದಿದರು. ಅದೇ!

ಇಬ್ಬರೇ ಮಾತಾಡುವಾಗ ಧ್ವನಿ ಸಾಧ್ಯವಾದರೆ ನೇರವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಗ್ರೂಪ್ ಕಾಲ್ ಆದರೆ ಸರ್ವರ್ ಮೂಲಕ. ನೇರ ಹೋಗುವಾಗ ನಮ್ಮ ಐಪಿ ಆ ಕಡೆಯವರಿಗೂ ಕಾಣುತ್ತದೆ. ಅದು ಬೇಡ ಅನ್ನುವವರಿಗೆ 2023ರಲ್ಲಿ ಪ್ರೈವಸಿ ಸೆಟ್ಟಿಂಗ್‌ನಲ್ಲಿ 'ಪ್ರೊಟೆಕ್ಟ್ ಐಪಿ ಅಡ್ರೆಸ್ ಇನ್ ಕಾಲ್ಸ್' ಅಂತ ಬಂದಿದೆ, ಆನ್ ಮಾಡಿದರೆ ಕರೆ ಸರ್ವರ್ ಮೂಲಕ ಹೋಗುತ್ತದೆ, ಧ್ವನಿ ಸ್ವಲ್ಪ ಕೆಡಬಹುದು. ಟೆಲಿಗ್ರಾಂನಲ್ಲೂ ಇಂಥದ್ದಿದೆ. ಅಪರಿಚಿತ ಗಿರಾಕಿಗಳ ಕಾಲ್ ಬರುತ್ತಾ ಇರುತ್ತದಲ್ವಾ, ನಾನು ಆನ್ ಮಾಡಿಟ್ಟಿದ್ದೇನೆ.

ಯುಡಿಪಿ 3478 ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಸಾಮಾನ್ಯವಾಗಿ ಅದು ಕಾಲ್‌ಗೆ ದಾರಿ ಹುಡುಕುವ ಕೆಲಸ.

ಅಲರ್ಟ್ ಎಲ್ಲಿಗೆ ಹೋಗುತ್ತಿದೆ ಅಂತ ಹೇಳುತ್ತದೆ, ಏನು ಹೋಗುತ್ತಿದೆ ಅಂತ ಹೇಳುವುದಿಲ್ಲ. ಅದಕ್ಕೇ ಈಗ ಐಪಿಗಿಂತ ಮೊದಲು ಪ್ರೋಗ್ರಾಂ ಯಾವ ಫೋಲ್ಡರಿನಿಂದ ಓಡುತ್ತಿದೆ ಅಂತ ನೋಡುತ್ತೇನೆ, ಆಮೇಲೆ ಗಡಿಯಾರ, ಮತ್ತು ಏನೇ ಆದರೂ ಮೊದಲ ಸಲ 'ಯಾವಾಗಲೂ ಬ್ಲಾಕ್' ಒತ್ತುವುದಿಲ್ಲ. ಒಂದು ಸಲ ಮಾತ್ರ ಈ ಮಾತು ಮುರಿದಿದ್ದೇನೆ. ಹೊಸ ಗಿರಾಕಿ ಕಳಿಸಿದ್ದ ಫೈಲು, ಪಿಡಿಎಫ್ ಐಕಾನ್, ಹೆಸರಿನ ಕೊನೆಯಲ್ಲಿ ಇಎಕ್ಸ್‌ಇ, ಅಂದರೆ ಪಿಡಿಎಫ್ ಅಲ್ಲ, ಪ್ರೋಗ್ರಾಂ, ಹುಡುಗ ಡಬಲ್ ಕ್ಲಿಕ್ ಮಾಡಿಬಿಟ್ಟಿದ್ದ, ಅದು ಡೌನ್‌ಲೋಡ್ಸ್ ಫೋಲ್ಡರಿನಿಂದಲೇ ಹೊರಗೆ ಹೋಗಲು ಅನುಮತಿ ಕೇಳುತ್ತಾ ನಿಂತಿತ್ತು. ಬ್ಲಾಕ್ ಒತ್ತಿ ಮೊದಲು ಮಾಡಿದ ಕೆಲಸ ಅಂದರೆ ನೆಟ್ ಕೇಬಲ್ ಕಿತ್ತಿದ್ದು.